ಹೊಸ ಕಿಡ್ನಿ, ಹಳೇ ಪೈಪು

ಕಿಡ್ನಿ ಕಸಿ ಆದವರ ಮನೆಯಲ್ಲಿ ಒಂದೇ ಜಪ: ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹಾಕಬೇಕಾದ ರಕ್ತದ ಕಸ) ಎಷ್ಟು ಬಂತು? 1.2 ಅಂದರೆ ಪಾಯಸ, 1.6 ಅಂದರೆ ರಾತ್ರಿ ನಿದ್ದೆಯಿಲ್ಲ. ಆತಂಕ ತಪ್ಪಲ್ಲ. ಆದರೆ ಕಸಿಯ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಹೃದಯದ ತೊಂದರೆಯಿಂದ ತೀರಿಕೊಳ್ಳುವವರು ಕಡಿಮೆಯೇನಿಲ್ಲ. ಕಿಡ್ನಿ ಹೊಸದು, ಅಪಧಮನಿಗಳು ಮಾತ್ರ ಡಯಾಲಿಸಿಸ್ ದಿನಗಳನ್ನು ಕಂಡ ಹಳೆಯವೇ.

ತಕ್ಷಣ ಬರುವ ಪ್ರಶ್ನೆ, 'ಬ್ಲಾಕ್ ಇದೆಯಾ?' ಅಂತ. ಈ ಬ್ಲಾಕ್ ಅನ್ನೋ ಪದ ನಮ್ಮ ತಲೆಯಲ್ಲಿ ಜಾಸ್ತಿ ಜಾಗ ಹಿಡಿದಿದೆ. ಬ್ಲಾಕ್ ಅಂದರೆ ಪೈಪಿನೊಳಗಿನ ಕಸ. ಇಲ್ಲಿ ಕೆಡುವುದು ಪೈಪಿನ ಗೋಡೆ, ಅಂದರೆ ಅಪಧಮನಿಯ ಗೋಡೆಯೇ ಗಟ್ಟಿಯಾಗುತ್ತದೆ. ತೋಟದ ಪೈಪು ಎರಡು ಬೇಸಿಗೆ ಬಿಸಿಲಲ್ಲಿ ಬಿದ್ದಿದ್ದರೆ ಒಳಗೆ ಕಸ ಇರದಿದ್ದರೂ ಸೆಟೆದುಕೊಳ್ಳುತ್ತದೆ, ಅಲ್ವಾ? ಹಾಗೆ.

ಹಾರ್ಮೋನಿಯಂ ನೋಡಿ. ಕೈ ತಿದಿ ಒತ್ತುವುದು ಬಿಟ್ಟು ಬಿಟ್ಟು, ಸ್ವರ ಮಾತ್ರ ಒಂದೇ ಸಮ. ಒಳಗಿನ ಇನ್ನೊಂದು ತಿದಿ ಗಾಳಿ ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುವುದರಿಂದ ಹಾಗೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಧಮನಿ, ನಮ್ಮೊಳಗಿನ ಆ ತಿದಿ. ಇಂಗ್ಲೆಂಡಿನ ವಿಜ್ಞಾನಿ ಸ್ಟೀಫನ್ ಹೇಲ್ಸ್ 1733ರಲ್ಲೇ ಇದನ್ನು ಬೆಂಕಿ ಆರಿಸುವ ಪಂಪಿನ ಗಾಳಿಕೋಣೆಗೆ ಹೋಲಿಸಿದ್ದ. ತಿದಿ ಗಟ್ಟಿಯಾದರೆ ಪ್ರತಿ ಬಡಿತದ ಏಟೂ ನೇರವಾಗಿ ಮಿದುಳಿಗೆ, ಕಿಡ್ನಿಯ ಸಣ್ಣ ನಾಳಗಳಿಗೆ ಬೀಳುತ್ತದೆ. ಹೊಸ ಕಿಡ್ನಿಗೂ!

ಈ ಗಟ್ಟಿತನ ಅಳೆಯುವುದು ಸುಲಭ. ಪೆನ್ನಿನಂಥ ಸೆನ್ಸರನ್ನು ಕುತ್ತಿಗೆಯ ನಾಡಿಗೆ, ಆಮೇಲೆ ತೊಡೆಸಂದಿಯ ನಾಡಿಗೆ ಒತ್ತುತ್ತಾರೆ. ನಡುವಿನ ದೂರಕ್ಕೆ ಟೇಪು ಹಿಡಿಯುತ್ತಾರೆ. ಗೋಡೆ ಗಟ್ಟಿಯಾದಷ್ಟೂ ನಾಡಿಯ ಅಲೆ ಬೇಗ ಓಡುತ್ತದೆ. ಸೆಕೆಂಡಿಗೆ 10 ಮೀಟರ್ ದಾಟಿದರೆ ಎಚ್ಚರಿಕೆ.

ನಾಡಿಯ ಮಾತು ಬಂದಾಗ ಫ್ರೆಡರಿಕ್ ಅಕ್ಬರ್ ಮಹಮದ್ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಪಟ್ನಾದಿಂದ ಇಂಗ್ಲೆಂಡಿಗೆ ಹೋಗಿ ಲಂಡನ್‌ನಲ್ಲಿ ಭಾರತೀಯ ಊಟದ ಮನೆ ತೆರೆದ ಶೇಖ್ ದೀನ್ ಮಹಮದ್‌ನ ಮೊಮ್ಮಗ. ಗೈಸ್ ಆಸ್ಪತ್ರೆಯ ವೈದ್ಯ. ನಾಡಿಯ ಗೆರೆ ಬರೆಯುವ ಯಂತ್ರವನ್ನು ವಿದ್ಯಾರ್ಥಿಯಾಗಿದ್ದಾಗಲೇ ಸುಧಾರಿಸಿದ. ಕಿಡ್ನಿ ಕೆಟ್ಟ ಕುರುಹು ಇಲ್ಲದವರಲ್ಲೂ ರಕ್ತದೊತ್ತಡ ಏರಿರಬಹುದು ಎಂದು ಆ ಗೆರೆಗಳಿಂದಲೇ ತೋರಿಸಿದ. 1884ರಲ್ಲಿ ಟೈಫಾಯಿಡ್‌ಗೆ ತೀರಿಕೊಂಡಾಗ ಬರೀ 35 ವರ್ಷ.

ಸರಿ, ರಕ್ತಕ್ಕೆ ಬರೋಣ. ಗೋಡೆ ಗಟ್ಟಿಯಾಗುವ ಸುಳಿವು ರಕ್ತದಲ್ಲಿ ಸಿಗುತ್ತದಾ? ಆಸ್ಟಿಯೋಪ್ರೊಟೆಜೆರಿನ್, ಫೆಟುಯಿನ್, ಎಫ್‌ಜಿಎಫ್-23 ಅಂತ ಹಲವು ಪ್ರೋಟೀನುಗಳ ಹೆಸರುಗಳಿವೆ. ಹೆಚ್ಚಿನವು ಮೂಳೆಯ ಲೋಕದವು ಅನ್ನುವುದೇ ಮಜಾ. ಕಿಡ್ನಿ ಸೋತಾಗ ರಕ್ತದಲ್ಲಿ ಫಾಸ್ಫೇಟ್ ಏರುತ್ತದೆ. ಆಗ ಅಪಧಮನಿಯ ಗೋಡೆಯ ಸ್ನಾಯುಕೋಶಗಳು ತಮ್ಮ ಕಸುಬು ಮರೆತು ಮೂಳೆ ಕಟ್ಟುವ ಕೋಶಗಳಂತೆ ಆಡತೊಡಗುತ್ತವೆ. ಗೋಡೆಗೆ ಕ್ಯಾಲ್ಸಿಯಂ ಮೆತ್ತುವ ಗಾರೆ ಕೆಲಸ ಶುರು!

ಇದನ್ನು ತಡೆಯುವ ಕಾವಲುಗಾರ ಎಂಜಿಪಿ ಎಂಬ ಪ್ರೋಟೀನು. 1997ರಲ್ಲಿ ಈ ಪ್ರೋಟೀನಿನ ಜೀನ್ ತೆಗೆದ ಇಲಿಗಳ ಅಪಧಮನಿಗಳು ಸುಣ್ಣಗಟ್ಟಿದವು. ಎರಡು ತಿಂಗಳೊಳಗೆ ನಾಳ ಒಡೆದು ಇಲಿಗಳು ಸತ್ತವು. ಆದರೆ ಈ ಕಾವಲುಗಾರ ಹುಟ್ಟುವಾಗ ಬರಿಗೈ. ಕ್ಯಾಲ್ಸಿಯಂ ಹಿಡಿಯುವ ಕೊಕ್ಕೆಯನ್ನು ಅವನಿಗೆ ತೊಡಿಸಲು ವಿಟಮಿನ್ ಕೆ ಬೇಕು. ಅದು ಸಾಲದಾದಾಗ ಕೊಕ್ಕೆಯಿಲ್ಲದ ಎಂಜಿಪಿ ರಕ್ತದಲ್ಲಿ ಸುಮ್ನೆ ಅಲೆಯುತ್ತದೆ. ಆ ನಿರುದ್ಯೋಗಿಗಳ ಎಣಿಕೆಯೇ ರಕ್ತದ ಸುಳಿವು. ಕಸಿಯಾದವರಲ್ಲಿ ಈ ಎಣಿಕೆ ಹೆಚ್ಚಿರುವುದು ಸಾಮಾನ್ಯ.

ಹಾಗಾದರೆ ವಿಟಮಿನ್ ಕೆ ನುಂಗಿದರೆ ಆಯ್ತಲ್ಲ? ವಾಟ್ಸ್ಆಪ್ ಡಾಕ್ಟರುಗಳು ಇಲ್ಲಿಗೇ ನಿಲ್ಲುತ್ತಾರೆ. ಹೋಲಿಕೆಗೆ ಬೇರೆ ಗುಂಪೇ ಇಲ್ಲದ, 8 ವಾರಗಳ ಒಂದು ಸಣ್ಣ ಅಧ್ಯಯನದಲ್ಲಿ ನಾಡಿ ಅಲೆಯ ವೇಗ ಇಳಿದದ್ದೂ ನಿಜ. ಆಮೇಲೆ ಗ್ಲಾಸ್ಗೋದಲ್ಲಿ ಕಸಿಯಾದ 90 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಿಟಮಿನ್, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು, ಒಂದು ವರ್ಷ ಕಾದು ನೋಡಿದರು. ಮಹಾಧಮನಿ ಮೆತ್ತಗಾಗಲಿಲ್ಲ. ಸುಣ್ಣವೂ ತಗ್ಗಲಿಲ್ಲ.

ನಮ್ಮ ಹರಿವೆ, ಬಸಳೆ, ನುಗ್ಗೆಸೊಪ್ಪಿನಲ್ಲಿ ವಿಟಮಿನ್ ಕೆ ಧಾರಾಳವಾಗಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಸೊಪ್ಪನ್ನು ಏಕಾಏಕಿ ಹೆಚ್ಚಿಸಬೇಡಿ, ಬಿಡಲೂಬೇಡಿ. ಆ ಮಾತ್ರೆ ಕೆಲಸ ಮಾಡುವುದೇ ವಿಟಮಿನ್ ಕೆ ಕೈ ಕಟ್ಟಿ.