ನ್ಯಾನೋ ಕೀಮೋ ಕೊಟ್ರೆ ಕೂದಲು ಉದುರಲ್ವಾ?

ಬಸವೇಶ್ವರನಗರದ ಓದುಗರೊಬ್ಬರ ಪ್ರಶ್ನೆ: "ಅಮ್ಮನಿಗೆ ಸ್ತನ ಕ್ಯಾನ್ಸರ್. ನ್ಯಾನೋ ಕೀಮೋ ಕೊಡ್ತೀವಿ ಅಂದಿದ್ದಾರೆ. ಅದು ಗೆಡ್ಡೆಯನ್ನೇ ಹುಡುಕಿಕೊಂಡು ಹೋಗುತ್ತಂತೆ. ಹಾಗಾದ್ರೆ ಕೂದಲು ಉದುರಲ್ಲ ಅಲ್ವಾ?"

ಉದುರುತ್ತದೆ. ಅಮ್ಮನಿಗೆ ಇದನ್ನು ಮೊದಲೇ ಹೇಳಿಬಿಡಿ.

ಸ್ತನ ಕ್ಯಾನ್ಸರಿಗೆ ನ್ಯಾನೋ ಅಂತ ಹೇಳುವುದು ಸಾಮಾನ್ಯವಾಗಿ ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ. ಒಳಗಿನ ಔಷಧಿ ಕೂದಲು ಉದುರಿಸುವ ಹಳೆಯ ಪ್ಯಾಕ್ಲಿಟ್ಯಾಕ್ಸೆಲ್ಲೇ. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಮಾಮೂಲಿ ಇಂಜೆಕ್ಷನ್ನಿನಲ್ಲಿ ಹರಳೆಣ್ಣೆಯಿಂದ ತಯಾರಿಸಿದ ದ್ರಾವಕ ಇರುತ್ತದೆ. ಕೆಲವರ ಮೈಗೆ ಅದೇ ಒಗ್ಗುವುದಿಲ್ಲ, ಉಸಿರು ಕಟ್ಟಿದಂತಾಗುತ್ತದೆ. ಅದಕ್ಕೇ ಮೊದಲು ಸ್ಟೀರಾಯ್ಡ್, ಅಲರ್ಜಿ ಔಷಧಿ. 3 ವಾರಕ್ಕೊಮ್ಮೆ ಕೊಡುವುದಾದರೆ 3 ಗಂಟೆ ಡ್ರಿಪ್. ನ್ಯಾಬ್‌ನಲ್ಲಿ ದ್ರಾವಕವೇ ಇಲ್ಲ. ಔಷಧಿಯನ್ನು ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಸಿ, ಸುಮಾರು 130 ನ್ಯಾನೋಮೀಟರಿನ ಕಣ ಮಾಡಿರುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಡ್ರಿಪ್ ಹಾಲಿನ ಹಾಗೆ ಬೆಳ್ಳಗಿರುತ್ತದೆ, ಗಾಬರಿಯಾಗಬೇಡಿ. ಆದರೆ ಕೈಕಾಲು ಜೋಮು ಹಿಡಿಯುವುದು ತಪ್ಪುವುದಿಲ್ಲ, ಜಾಸ್ತಿಯೂ ಆಗಬಹುದು.

ಇನ್ನು ಹುಡುಕಿಕೊಂಡು ಹೋಗುವ ಮಾತು. ಈ ಕಣ ಲೊಕೇಶನ್ ನೋಡಿಕೊಂಡು ಬರುವ ಡೆಲಿವರಿ ಹುಡುಗನಲ್ಲ. ಗೆಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದಿರುತ್ತವೆ, ಗೋಡೆಯಲ್ಲಿ ಸಂದು ಜಾಸ್ತಿ. ರಕ್ತದಲ್ಲಿ ಸುತ್ತುವ ಕಣಗಳು ಅಲ್ಲಿ ಸೋರಿ ಒಳಗೆ ಸೇರುತ್ತವೆ, ಅಷ್ಟೆ. ಅದೂ ಸ್ವಲ್ಪವೇ. ಬೇರೆ ಬೇರೆ ನ್ಯಾನೋಕಣಗಳ ಹತ್ತು ವರ್ಷದ ಪ್ರಯೋಗಗಳನ್ನು 2016ರಲ್ಲಿ ಒಟ್ಟಿಗೆ ಲೆಕ್ಕ ಹಾಕಿದಾಗ, ಗೆಡ್ಡೆ ತಲುಪಿದ್ದು ಸಾಮಾನ್ಯವಾಗಿ ಡೋಸಿನ ಶೇ. 0.7ರಷ್ಟು. ಅವು ಬಹುತೇಕ ಇಲಿಗಳ ಮೇಲಿನ ಪ್ರಯೋಗಗಳು. ಇಂಥ ಕಣಗಳಲ್ಲಿ ಬಹುಪಾಲು ಲಿವರ್, ಗುಲ್ಮದ ಪಾಲಾಗುತ್ತದೆ. ಹಾಗಂತ ನ್ಯಾನೋದಿಂದ ಉಪಯೋಗವೇ ಇಲ್ಲ ಅಂತಲ್ಲ. ಡಾಕ್ಸೊರುಬಿಸಿನ್ ಇನ್ನೊಂದು ಕೀಮೋ ಔಷಧಿ; ಅದನ್ನು ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ ತುಂಬಿದ, 1995ರಲ್ಲಿ ಬಂದ ಲೈಪೋಸೋಮಲ್ ಡಾಕ್ಸೊರುಬಿಸಿನ್ ಹೃದಯಕ್ಕೆ ಮಾಡುವ ಹಾನಿ ಮಾಮೂಲಿ ಡಾಕ್ಸೊರುಬಿಸಿನ್‌ಗಿಂತ ಕಡಿಮೆ. ನನ್ನ ಕೇಳಿದರೆ ನ್ಯಾನೋದ ಅಸಲು ಲಾಭ ಇದೇ.

ಅಮ್ಮನಿಗೆ ಆಪರೇಷನ್ ಇದ್ದರೆ ಇನ್ನೊಂದು ಬಗೆಯ ಕಣವೂ ಬರಬಹುದು. ಸ್ತನಕ್ಕೆ ವಿಕಿರಣ ಸೂಸುವ ಟೆಕ್ನೀಶಿಯಂ ಬೆರೆತ ಕೊಲಾಯ್ಡ್ (ಸೂಕ್ಷ್ಮ ಕಣಗಳು ತೇಲುವ ದ್ರವ) ಚುಚ್ಚುತ್ತಾರೆ. ಅದು ಹರಿದು ಕಂಕುಳಿನ ಮೊದಲ ದುಗ್ಧಗ್ರಂಥಿಯಲ್ಲಿ ನಿಲ್ಲುತ್ತದೆ. ಸರ್ಜನ್ ವಿಕಿರಣ ಗುರುತಿಸುವ ಪೆನ್ನಿನಂಥ ಪ್ರೋಬ್ ಆಡಿಸಿದಾಗ ಆ ಜಾಗದಲ್ಲಿ ಸದ್ದು ಏರುತ್ತದೆ. ಆ ಗ್ರಂಥಿ ತೆಗೆದು ನೋಡುತ್ತಾರೆ. ಅದರಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಕೈ ಊದುವ ಕಾಟವೂ ಕಡಿಮೆ.

ಒಂದು ಕೆಲಸ ಮಾಡಿ: ಔಷಧಿಯ ಪೂರ್ತಿ ಹೆಸರನ್ನು ಫೈಲಿನಲ್ಲಿ ಬರೆಸಿಕೊಳ್ಳಿ. ಮಾಮೂಲಿ ಪ್ಯಾಕ್ಲಿಟ್ಯಾಕ್ಸೆಲ್ ಡೋಸೇ ಬೇರೆ, ನ್ಯಾಬ್ ಡೋಸೇ ಬೇರೆ. ನಡುವೆ ಆಸ್ಪತ್ರೆ ಬದಲಾಯಿಸಿದರೆ ಅಲ್ಲಿನ ಡಾಕ್ಟರು ಮೊದಲು ಕೇಳುವುದು ಅದನ್ನೇ.