ಎಂಜಿಬಿ ಗೇರ್‌ಬಾಕ್ಸ್‌ಗೆ ಜಿಎಲ್-5 ಆಯಿಲ್ ಹಾಕಬಹುದಾ?

ಪ್ರಶ್ನೆ: ನನ್ನ ಹತ್ತಿರ 1972ರ ಎಂಜಿಬಿ ಸ್ಪೋರ್ಟ್ಸ್ ಕಾರಿದೆ, ಓವರ್‌ಡ್ರೈವ್ (ವೇಗದ ಓಟಕ್ಕೆ ಇರುವ ಹೆಚ್ಚುವರಿ ಗೇರ್ ಘಟಕ) ಇರುವ ಮಾಡೆಲ್. ಎರಡನೇ ಗೇರ್ ಹಾಕುವಾಗ ಆಗಾಗ ಕರ್ ಅನ್ನುತ್ತೆ. ಆಯಿಲ್ ಬದಲಿಸಿ ನೋಡೋಣ ಅಂತ ಅಂಗಡಿಗೆ ಹೋದರೆ, 75ಡಬ್ಲ್ಯೂ-90 ಜಿಎಲ್-5 ಸಿಂಥೆಟಿಕ್ ತಗೊಳ್ಳಿ, ಜಿಎಲ್-4ಗಿಂತ ಅದೇ ಮೇಲು ಅಂದರು. ಹಾಕಬಹುದಾ?

ಬೇಡ. ಜಿಎಲ್-5 ಮಾತ್ರ ಅಲ್ಲ, ಈ ಗೇರ್‌ಬಾಕ್ಸ್‌ಗೆ ಗೇರ್ ಆಯಿಲೇ ಬೇಡ. ಕಾರಿನ ಹ್ಯಾಂಡ್‌ಬುಕ್ ತೆಗೆದು ನೋಡಿ. ಗೇರ್‌ಬಾಕ್ಸ್‌ಗೂ ಓವರ್‌ಡ್ರೈವ್‌ಗೂ ಇಂಜಿನ್‌ಗೆ ಹಾಕುವ ಮಲ್ಟಿಗ್ರೇಡ್ ಆಯಿಲನ್ನೇ ಹೇಳಿದ್ದಾರೆ. ಸಾಮಾನ್ಯ ಹವೆಗೆ ಅಂದರೆ 20ಡಬ್ಲ್ಯೂ-50. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಇದು ವಿಚಿತ್ರವೇನಲ್ಲ. 1959ರ ಮಿನಿಯಲ್ಲಂತೂ ಗೇರ್‌ಬಾಕ್ಸ್ ಇಂಜಿನ್ನಿನ ಕೆಳಗೇ ಕೂತು ಅದೇ ಆಯಿಲಿನಲ್ಲಿ ಓಡುತ್ತಿತ್ತು.

ಅಂಗಡಿಯವರ ಮಾತಿನಲ್ಲಿ ತಪ್ಪಿರುವುದು 'ಮೇಲು' ಅನ್ನುವಲ್ಲಿ. ಇಂಜಿನ್ ಆಯಿಲ್ ಡಬ್ಬದ ಮೇಲೆ ಎಸ್‌ಎಫ್, ಎಸ್‌ಜಿ, ಎಸ್‌ಎಲ್ ಅಂತ ಅಕ್ಷರ ಮುಂದೆ ಹೋದಷ್ಟೂ ಹೊಸದು ಅಂತ ಓದಿ ಅಭ್ಯಾಸ ಆಗಿರುತ್ತೆ. ಗೇರ್ ಆಯಿಲಿನ ಸಂಖ್ಯೆ ಹಾಗಲ್ಲ. ಜಿಎಲ್-4, ಜಿಎಲ್-5 ಬೇರೆ ಬೇರೆ ಕೆಲಸದ ಆಯಿಲ್‌ಗಳು. ಜಿಎಲ್-5 ಮುಖ್ಯವಾಗಿ ಹೈಪಾಯ್ಡ್ ಡಿಫರೆನ್ಷಿಯಲ್‌ಗಾಗಿ, ಅಂದರೆ ತಿರುಗುವ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಗೇರುಗಳಿಗಾಗಿ ಬಂದದ್ದು. ಅಲ್ಲಿ ಪಿನಿಯನ್ ಅನ್ನುವ ಚಿಕ್ಕ ಗೇರು, ಕ್ರೌನ್ ವೀಲ್ ಅನ್ನುವ ದೊಡ್ಡ ಗೇರಿನ ನಡುಗೆರೆಗಿಂತ ಕೆಳಗೆ ಕೂತಿರುತ್ತೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದು ಮಾತ್ರವಲ್ಲ, ಭಾರಿ ಒತ್ತಡದಲ್ಲಿ ಉಜ್ಜಿಕೊಂಡು ಜಾರುತ್ತವೆ. ಆಯಿಲಿನ ಪದರ ಅಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಸೇರಿಸುತ್ತಾರೆ. ಬಿಸಿಯಾದ ಉಕ್ಕಿನ ಜೊತೆ ಅವು ಸೇರಿ ಹಲ್ಲಿನ ಮೇಲೆ ತೆಳುವಾದ ರಕ್ಷಣೆಯ ಪೊರೆ ಕಟ್ಟುತ್ತವೆ. ಜಿಎಲ್-5ರಲ್ಲಿ ಇವು ಜಿಎಲ್-4ರ ಸುಮಾರು ಎರಡರಷ್ಟು ಇರುತ್ತವೆ.

ಈಗ ನಿಮ್ಮ ಎರಡನೇ ಗೇರಿಗೆ ಬರೋಣ. ಗೇರಿನ ಪಕ್ಕದಲ್ಲಿ ಕೋನಾಕಾರದ ಒಂದು ಭಾಗ ಇದೆ, ಅದರ ಮೇಲೆ ಹಿತ್ತಾಳೆ ಬಣ್ಣದ ಸಿಂಕ್ರೋ ರಿಂಗ್ ಇದೆ. ಲಿವರ್ ತಳ್ಳಿದಾಗ ರಿಂಗ್ ಆ ಕೋನಕ್ಕೆ ಒತ್ತಿಕೊಳ್ಳುತ್ತೆ. ರಿಂಗಿನ ಒಳಮೈಯಲ್ಲಿ ಕೂದಲೆಳೆಯಂಥ ಗೆರೆಗಳಿವೆ. ಅವು ನಡುವಿನ ಆಯಿಲನ್ನು ಕೆರೆದು ಆಚೆ ದೂಡುತ್ತವೆ, ಲೋಹ ಲೋಹವನ್ನು ಹಿಡಿಯುತ್ತೆ, ಗೇರಿನ ವೇಗ ಶಾಫ್ಟಿನ ವೇಗಕ್ಕೆ ಬರುತ್ತೆ. ಆಮೇಲಷ್ಟೇ ಹಲ್ಲು ಹಲ್ಲಿಗೆ ಕೂರಬೇಕು. ಇಷ್ಟೂ ಕೆಲಸ ನಡೆಯುವುದು ಘರ್ಷಣೆಯಿಂದ. ಇಲ್ಲಿಗೆ ಅತಿ ಜಾರುವ ಆಯಿಲ್ ಹಾಕಿದರೆ ಸೈಕಲ್ಲಿನ ರಿಮ್ಮಿಗೆ ಎಣ್ಣೆ ಹಚ್ಚಿ ಬ್ರೇಕ್ ಹಿಡಿದ ಹಾಗೆ. ರಿಂಗ್ ಹಿಡಿಯುವ ಮೊದಲೇ ಹಲ್ಲುಗಳು ತಾಕುತ್ತವೆ. ನೀವು ಕೇಳುತ್ತಿರುವ 'ಕರ್' ಅದೇ ಸದ್ದು.

ಜಿಎಲ್-5 ಹಿತ್ತಾಳೆಯನ್ನು ತಿಂದು ಹಾಕುತ್ತೆ ಅನ್ನುವ ಮಾತನ್ನೂ ನೀವು ಕೇಳಿರುತ್ತೀರಿ. ಗಂಧಕ ಬಿಸಿಯಲ್ಲಿ ತಾಮ್ರದ ಮೇಲೆ ಕೆಲಸ ಮಾಡುವುದು ನಿಜ, ಹಿತ್ತಾಳೆ ಕಂಚುಗಳಲ್ಲಿ ಇರುವುದು ಮುಖ್ಯವಾಗಿ ತಾಮ್ರವೇ. ಹಳೆಯ ತಯಾರಿಕೆಗಳಲ್ಲಿ ಈ ಕಾಟ ಜಾಸ್ತಿ ಇತ್ತು. ಈಗಿನ ಒಳ್ಳೆಯ ಆಯಿಲ್‌ಗಳಲ್ಲಿ ಅದನ್ನು ಬಹಳ ಮಟ್ಟಿಗೆ ತಡೆದಿದ್ದಾರೆ. ಹಾಗಾಗಿ ನನಗೆ ತುಕ್ಕಿಗಿಂತ ಜಾರಿಕೆಯೇ ದೊಡ್ಡ ಚಿಂತೆ. 'ಜಿಎಲ್-4/ಜಿಎಲ್-5' ಅಂತ ಎರಡೂ ಬರೆದ ಡಬ್ಬ ಸಿಕ್ಕರೂ ಖುಷಿಪಡಬೇಡಿ, ಅದೂ ಜಿಎಲ್-5ರ ಕೆಲಸಕ್ಕೂ ಆಗಲಿ ಅಂತ ಮಾಡಿದ್ದೇ.

ನಿಮ್ಮ ಕಾರಿಗೆ ಇನ್ನೊಂದು ಕಾರಣ ಇದೆ, ಓವರ್‌ಡ್ರೈವ್. ಲೇಕಾಕ್ ಕಂಪನಿಯ ಈ ಘಟಕಕ್ಕೆ ಬೇರೆ ಆಯಿಲ್ ಇಲ್ಲ, ಗೇರ್‌ಬಾಕ್ಸ್ ಆಯಿಲನ್ನೇ ಪಂಪ್ ಮಾಡಿ ಒತ್ತಡ ತಂದುಕೊಂಡು ಒಳಗಿನ ಕೋನ್ ಕ್ಲಚ್ಚನ್ನು ಸರಿಸುತ್ತೆ. ಆ ಕ್ಲಚ್ ಕೂಡ ಹಿಡಿತದ ಮೇಲೇ ಬದುಕಿರುವುದು. ಘರ್ಷಣೆ ಕಡಿಮೆ ಮಾಡುವ ಯಾವ ಸೇರ್ಪಡೆಯನ್ನೂ ಇದಕ್ಕೆ ಹಾಕಬಾರದು ಅಂತ ತಯಾರಕರೇ ಎಚ್ಚರಿಸಿದ್ದಾರೆ. ಹಾಗಾಗಿ ಗೇರ್ ನಯ ಆಗಲಿ ಅಂತ ಮಾರುವ ಮಾಲಿಬ್ಡಿನಮ್ ಸೀಸೆಗಳ ಕಡೆ ದಯವಿಟ್ಟು ನೋಡಲೇ ಬೇಡಿ.

90 ಇರಬೇಕಾದ ಜಾಗಕ್ಕೆ 50 ಹಾಕಿದರೆ ತೆಳುವಾಗಲ್ವಾ? ಇದನ್ನು ತುಂಬಾ ಜನ ಕೇಳುತ್ತಾರೆ. ಇಲ್ಲ. ಇಂಜಿನ್ ಆಯಿಲಿಗೂ ಗೇರ್ ಆಯಿಲಿಗೂ ಅಳತೆಪಟ್ಟಿಗಳೇ ಬೇರೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 50ರ ಇಂಜಿನ್ ಆಯಿಲ್ 16.3ರಿಂದ 21.9 ಸೆಂಟಿಸ್ಟೋಕ್ಸ್ (ಆಯಿಲಿನ ದಪ್ಪ ಅಳೆಯುವ ಮಾನ) ಒಳಗೆ ಇರಬೇಕು. ಈಗಿನ 90ರ ಗೇರ್ ಆಯಿಲ್ 13.5ರಿಂದ 18.5ರೊಳಗೆ. ಅಂದರೆ ನಿಮ್ಮ 50 ಆ 90ರಷ್ಟೇ ದಪ್ಪ, ಒಮ್ಮೊಮ್ಮೆ ಅದಕ್ಕಿಂತ ದಪ್ಪ.

ಅಂಗಡಿಯ ಜಿಎಲ್-5 ವ್ಯರ್ಥ ಅಂತಲ್ಲ. ಇದೇ ಕಾರಿನ ಹಿಂದಿನ ಆಕ್ಸಲ್ ಹೈಪಾಯ್ಡ್. ಅದಕ್ಕೆ ಭಾರಿ ಒತ್ತಡ ತಾಳುವ ಇಪಿ 90 ಗೇರ್ ಆಯಿಲ್ ಬೇಕು, ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಅಲ್ಲಿ ಚೆನ್ನಾಗಿ ಹೊಂದುತ್ತೆ. ಅಲ್ಲಿಗೆ ಇಂಜಿನ್ ಆಯಿಲ್ ಹಾಕಿದರೆ ಮಾತ್ರ ಕ್ರೌನ್-ಪಿನಿಯನ್ ಹಾಳಾಗುತ್ತೆ.

ಹಳೆಯ ಪೋರ್ಷೆ 911 ಇಟ್ಟುಕೊಂಡವರು ಜಿಎಲ್-5 ಹಾಕ್ತಾರಲ್ಲ ಅಂತ ಅನ್ನಿಸಬಹುದು. ಅವರ ಲೆಕ್ಕ ಬೇರೆ. ಆ ಕಾರುಗಳ 915 ಮಾದರಿಯಂಥ ಗೇರ್‌ಬಾಕ್ಸ್‌ನಲ್ಲಿ ಡಿಫರೆನ್ಷಿಯಲ್ಲೂ ಅದೇ ಕೇಸಿನೊಳಗೆ, ಅದೇ ಆಯಿಲಿನಲ್ಲಿ ಇದೆ. ಸಿಂಕ್ರೋ ರಿಂಗುಗಳೂ ಹಿತ್ತಾಳೆಯವಲ್ಲ, ಉಕ್ಕಿನ ಮೇಲೆ ಮಾಲಿಬ್ಡಿನಮ್ ಲೇಪ ಇರುವಂಥವು. ಅವರ ಆಯಿಲ್ ನಿಮಗೆ ಆಗುವುದಿಲ್ಲ, ನಿಮ್ಮದು ಅವರಿಗೆ ಆಗುವುದಿಲ್ಲ.

20ಡಬ್ಲ್ಯೂ-50ರಲ್ಲಿ ಸಾದಾ ಮಿನರಲ್ ಆಯಿಲ್ ತಗೊಳ್ಳಿ, ಹಳೆಯ ಕಾರುಗಳಿಗೆ ಅಂತಲೇ ಮಾಡಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಇಂಧನ ಉಳಿಸುತ್ತೆ ಅಂತ ಬರೆದದ್ದು ಬೇಡ.

ಬದಲಿಸುವಾಗ ಸ್ವಲ್ಪ ಓಡಿಸಿ ಬಿಸಿ ಮಾಡಿ, ಕಾರನ್ನು ಸಮತಟ್ಟಾಗಿ ನಿಲ್ಲಿಸಿ. ಆಯಿಲ್ ತುಂಬುವ ದಾರಿ ತೆರೆಯುತ್ತೆ ಅಂತ ಖಾತ್ರಿಯಾದ ಮೇಲೆ ಮಾತ್ರ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ. ಓವರ್‌ಡ್ರೈವ್‌ನ ತಳದ ಮುಚ್ಚಳ ತೆಗೆದರೆ ಒಳಗೆ ಜಾಲರಿ ಫಿಲ್ಟರ್ ಸಿಗುತ್ತೆ, ಅದನ್ನೂ ತೊಳೆಯಿರಿ. ಮೊದಲಿನವರು ಯಾರೋ ಜಿಎಲ್-5 ಹಾಕಿದ್ದಾರೆ ಅಂತ ಅನುಮಾನ ಇದ್ದರೆ, 20ಡಬ್ಲ್ಯೂ-50 ತುಂಬಿ ಕೆಲವು ದಿನ ಓಡಿಸಿ ಇನ್ನೊಮ್ಮೆ ಬದಲಿಸಿ. ಒಂದೇ ಸಲಕ್ಕೆ ಪೂರ್ತಿ ಖಾಲಿಯಾಗುವುದಿಲ್ಲ.

ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಬೂದು ಬಣ್ಣದ ನುಣ್ಣನೆಯ ಕೆಸರು ಸ್ವಲ್ಪ ಇದ್ದರೆ ಗಾಬರಿ ಬೇಡ. ಚಿನ್ನದ ಪುಡಿಯಂತೆ ಹೊಳೆಯುತ್ತಿದ್ದರೆ ಅದು ಹಿತ್ತಾಳೆ, ಸಿಂಕ್ರೋ ರಿಂಗುಗಳು ಸವೆಯುತ್ತಿವೆ. ಅದನ್ನು ಯಾವ ಆಯಿಲೂ ವಾಪಸ್ ತರುವುದಿಲ್ಲ, ಗೇರ್‌ಬಾಕ್ಸ್ ಬಿಚ್ಚಲೇಬೇಕು.

ಬಿಚ್ಚುವ ಮೊದಲು, ಕಾರು ನಿಂತಿದ್ದು ಇಂಜಿನ್ ಮಾತ್ರ ಓಡುತ್ತಿರುವಾಗ ಕ್ಲಚ್ ಪೂರ್ತಿ ಒತ್ತಿ, ಐದು ಸೆಕೆಂಡ್ ಕಾದು ರಿವರ್ಸ್ ಹಾಕಿ ನೋಡಿ. ರಿವರ್ಸ್‌ಗೆ ಸಿಂಕ್ರೋ ಇಲ್ಲ. ಅಷ್ಟು ಕಾದ ಮೇಲೂ ಕರ್ ಅಂದರೆ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ ಅಂತ ಅರ್ಥ. ಆಗ ಮೊದಲು ನೋಡಬೇಕಾದ್ದು ಕ್ಲಚ್ಚಿನ ಹೈಡ್ರಾಲಿಕ್ಸ್, ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರ್‌ಗಳು. ರಿವರ್ಸ್ ಸದ್ದಿಲ್ಲದೆ ಬಿದ್ದು, ಎರಡನೇ ಗೇರ್ ಮಾತ್ರ ತಕರಾರು ಮಾಡಿದರೆ ಆಯಿಲ್ ಬದಲಿಸಿ ನೋಡಿ.