ಕಲ್ಲುಹೂವಿನಿಂದ ಕಲ್ಲು ಕರಗುವುದೇ?

ಮೂತ್ರಪಿಂಡದಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗ್ ವರದಿ ಹಿಡಿದು ಬರುವವರ ಕೈಚೀಲದಲ್ಲಿ ಒಮ್ಮೊಮ್ಮೆ ಕಲ್ಲುಹೂವಿನ ಪೊಟ್ಟಣವೂ ಇರುತ್ತದೆ. ಬಿಸಿಬೇಳೆಬಾತಿನ ಪುಡಿಗೆ ಹುರಿದು ಹಾಕುವ ಅದೇ ಕಲ್ಲುಹೂವು. ‘ಕುದಿಸಿ ಕುಡಿಯುತ್ತಿದ್ದೇನೆ ಡಾಕ್ಟ್ರೇ, ಇನ್ನೆಷ್ಟು ದಿನ ಕುಡಿಯಲಿ?’

ನಾನು ಮೊದಲು ಬಿಡಿಸುವುದು ಹೆಸರಿನ ಗೋಜಲನ್ನು. ಗ್ರಂಥಿಗೆ ಅಂಗಡಿಯ ಕಲ್ಲುಹೂವೇ ಆಯುರ್ವೇದದ ಶೈಲೇಯ. ಶಿಲೀಂಧ್ರ ಮತ್ತು ಪಾಚಿ ಒಂದಾಗಿ ಬಾಳುವ ಜೀವಿ ಅದು. ಮೇಲ್ಭಾಗ ಬೂದುಬಿಳುಪು, ಅಡಿ ಕಪ್ಪು. ಹೆಸರಿನಲ್ಲಿ ಕಲ್ಲಿದ್ದರೂ ಮರದ ತೊಗಟೆಯ ಮೇಲೂ ಧಾರಾಳವಾಗಿ ಬೆಳೆಯುತ್ತದೆ. ಇದನ್ನು ಶಿಲಾಪುಷ್ಪ ಎಂದೂ ಕರೆಯುತ್ತಾರೆ. ತೊಡಕಾಗುವುದು ಇಲ್ಲಿಯೇ. ಕಲ್ಲಿನ ತೊಂದರೆಗೆ ಮಾರುವ ಮಾತ್ರೆಗಳ ಡಬ್ಬಿಯ ಮೇಲೆ ಕಾಣುವ ಶಿಲಾಪುಷ್ಪ ಹಿಮಾಲಯದ ಡಿಡಿಮೋಕಾರ್ಪಸ್ ಎಂಬ ಪುಟ್ಟ ಗಿಡ. ಕಲ್ಲು ಒಡೆಯುತ್ತದೆಂದು ಹೆಸರಾದ ಪಾಷಾಣಭೇದವಂತೂ ಬೇರೆಯೇ ಸಸ್ಯ.

ಹಾಗೆಂದು ಜನರ ನಂಬಿಕೆಯನ್ನು ತಳ್ಳಿಹಾಕಲಾರೆ. ಆಯುರ್ವೇದದ ಹಳೆಯ ಗ್ರಂಥ ಭಾವಪ್ರಕಾಶವು ಶೈಲೇಯವನ್ನು ಕರ್ಪೂರಾದಿ ವರ್ಗದಲ್ಲಿ, ಅಂದರೆ ಸುಗಂಧದ್ರವ್ಯಗಳ ಸಾಲಿನಲ್ಲಿ ಇಟ್ಟಿದೆ. ಶೀತಲ, ಲಘು, ಕಫಪಿತ್ತಹರ ಎನ್ನುತ್ತದೆ. ತುರಿಕೆ, ದಾಹಗಳ ಜೊತೆಗೆ ಅಶ್ಮರಿಯನ್ನೂ, ಅಂದರೆ ಮೂತ್ರದ ಕಲ್ಲನ್ನೂ ಹೆಸರಿಸುತ್ತದೆ. ಮೈಗೆ ಹಚ್ಚುವ ನಾರಾಯಣ ತೈಲಕ್ಕೆ ಅರೆದು ಹಾಕುವ ಕಲ್ಕದಲ್ಲಿಯೂ ಶೈಲೇಯ ಸೇರುತ್ತದೆ. ಮನೆಮದ್ದಿನಲ್ಲಿಯೂ, ಮೂತ್ರ ಕಟ್ಟಿದಾಗ ಇದನ್ನು ಅರೆದು ಬಿಸಿಮಾಡಿ ಕಿಬ್ಬೊಟ್ಟೆಗೆ ಲೇಪ ಹಾಕುವ ರೂಢಿಯಿದೆ. ಆದರೆ ಮೂತ್ರ ಪೂರ್ತಿ ನಿಂತವರು, ಚಳಿಜ್ವರವೂ ಜೊತೆಗಿರುವವರು ಲೇಪ ಹಾಕಿಕೊಂಡು ಬೆಳಗಿನವರೆಗೆ ಕಾಯಬಾರದು. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ದಿನವೂ ಕುಡಿಯುವ ಕಷಾಯದ ಬಗ್ಗೆ ನನಗೆ ಅಳುಕಿದೆ. ಕಲ್ಲುಹೂವಿಗೆ ಬೇರಿಲ್ಲ, ಗಾಳಿ, ಮಳೆ, ದೂಳಿನಿಂದಲೇ ನೀರು, ಖನಿಜ ಹೀರುತ್ತದೆ. ಅದರ ಜೊತೆಗೆ ಸೀಸದಂಥ ಲೋಹಗಳನ್ನೂ ಕೂಡಿಡುತ್ತದೆ. ವಾಯುಮಾಲಿನ್ಯ ಅಳೆಯಲು ವಿಜ್ಞಾನಿಗಳು ಇದೇ ಜಾತಿಯ ಜೀವಿಗಳನ್ನು ಬಳಸುವುದು ಸುಮ್ಮನೆ ಅಲ್ಲ. ಇದರ ದೂರದ ಬಂಧು ಅಸ್ನಿಯದಲ್ಲಿ ಸಿಗುವ ಅಸ್ನಿಕ್ ಆಮ್ಲವನ್ನು ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆಗೆ ಬೆರೆಸಿದ್ದರು. ನುಂಗಿದವರ ಯಕೃತ್ತು ಕೆಟ್ಟು, 2001ರಲ್ಲಿ ಅಲ್ಲಿನ ಔಷಧ ಇಲಾಖೆ ಎಚ್ಚರಿಕೆ ಹೊರಡಿಸಬೇಕಾಯಿತು.

5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳು ಬಹುಪಾಲು ತಾವಾಗಿಯೇ ಇಳಿದು ಹೋಗುತ್ತವೆ. ಕೀರ್ತಿ ಕಷಾಯಕ್ಕೆ ಸಲ್ಲುತ್ತದೆ. ಅದರೊಂದಿಗೆ ಹೊಟ್ಟೆಗಿಳಿದ ಎರಡು ಲೋಟ ನೀರನ್ನು ಯಾರೂ ನೆನೆಯುವುದಿಲ್ಲ. ಹೃದಯ, ಮೂತ್ರಪಿಂಡ ದುರ್ಬಲವಾಗಿಲ್ಲದವರಿಗೆ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ ಎನ್ನುತ್ತೇನೆ. ಪೊಟ್ಟಣವನ್ನು ಅಡುಗೆಮನೆಗೆ ವಾಪಸು ಕಳಿಸುತ್ತೇನೆ, ಮುಗ್ಗಲು ವಾಸನೆ ಇಲ್ಲದಿದ್ದರೆ.